ಲೋವರ್ ಈಸ್ಟ್ ಸೈಡ್‌ನ ಫುಡ್ ಟೂರ್: ಚರಿತ್ರೆ ಬಲ್ಲ, ಮೊಟ್ಟೆಯನ್ನೂ ತಿನ್ನದ ತಾಯಿಯವರನ್ನು ಕರೆದೊಯ್ಯಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್‌ನಲ್ಲಿ ನನ್ನ ತಾಯಿಯವರನ್ನು ಕರೆದುಕೊಂಡು ನಾಲ್ಕು ದಿನಗಳ ಮಟ್ಟಿಗೆ ನ್ಯೂಯಾರ್ಕ್ ನಗರಕ್ಕೆ ಹೋಗಲಿದ್ದೇನೆ. ನಾನು ಅಮೆರಿಕದ ಬೇರೊಂದು ರಾಜ್ಯದಲ್ಲಿ ಕೆಲಸದಲ್ಲಿದ್ದೇನೆ. ಅವರು ಮೂರು ತಿಂಗಳಿಗೆಂದು ನನ್ನ ಬಳಿಗೆ ಬರುತ್ತಿದ್ದಾರೆ. ಅವರಿಗೆ ಈಗ 67 ವರ್ಷ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಚರಿತ್ರೆಯನ್ನು ಕಲಿಸಿದವರು. ಎತ್ತರದ ಕಟ್ಟಡದ ತುದಿಯಿಂದ ನಗರವನ್ನು ನೋಡುವುದಕ್ಕಿಂತ, ಹಡಗಿನಲ್ಲಿ ಬಂದಿಳಿದ ಜನ ಮೊದಲ ರಾತ್ರಿ ಎಲ್ಲಿ ಮಲಗಿದರು, ಮರುದಿನ ಏನು ತಿಂದರು ಎಂಬುದನ್ನು ತಿಳಿಯುವ ಆಸೆ ಅವರಿಗೆ ಹೆಚ್ಚು. ಆದ್ದರಿಂದ ಮ್ಯಾನ್‌ಹಾಟನ್ನಿನ ಲೋವರ್ ಈಸ್ಟ್ ಸೈಡ್‌ನಲ್ಲಿ ಗೈಡ್ ಒಬ್ಬರ ಜೊತೆ ಬೀದಿಬೀದಿ ನಡೆದು, ಐದಾರು ಅಂಗಡಿಗಳಲ್ಲಿ ನಿಂತು ರುಚಿ ನೋಡುವ, ಸುಮಾರು ಮೂರು ಗಂಟೆಯ ಫುಡ್ ಟೂರ್ ಒಂದನ್ನು ಕಾಯ್ದಿರಿಸಬೇಕೆಂದಿದ್ದೇನೆ.

ಹಣ ಕಟ್ಟುವ ಮೊದಲು ಕೆಲವು ಸಂದೇಹಗಳನ್ನು ಇಲ್ಲಿ ಇಡುತ್ತಿದ್ದೇನೆ. ತಾಯಿಯವರು ಶುದ್ಧ ಸಸ್ಯಾಹಾರಿ. ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಹಾಲು ಮೊಸರಿಗೆ ಅಡ್ಡಿಯಿಲ್ಲ. ಹಿಂದೆ ಬೇರೊಂದು ನಗರದಲ್ಲಿ ನಾನೊಬ್ಬನೇ ಇಂತಹ ಟೂರಿಗೆ ಹೋಗಿದ್ದಾಗ ಮಿಕ್ಕವರೆಲ್ಲ ತಿನ್ನುತ್ತಿದ್ದಷ್ಟು ಹೊತ್ತೂ ನನ್ನ ತಟ್ಟೆಯಲ್ಲಿ ಹಸಿ ಸೊಪ್ಪು ಮಾತ್ರ ಇತ್ತು, ಗೈಡ್ ಹೇಳಿದ ಚರಿತ್ರೆಯೆಂದರೆ ಯಾವ ನಟ ಯಾವ ಮೇಜಿನಲ್ಲಿ ಕುಳಿತಿದ್ದ ಎಂಬುದಷ್ಟೇ ಆಗಿತ್ತು. ತಾಯಿಯವರಿಗೆ ಅಂತಹ ಅನುಭವ ಆಗಬಾರದು. ಇನ್ನೊಂದು ಪ್ರಶ್ನೆಯನ್ನು ಅವರೇ ದೂರವಾಣಿಯಲ್ಲಿ ಕೇಳಿದರು, ನನಗೆ ಉತ್ತರ ಹೊಳೆಯಲಿಲ್ಲ: "ಬಡವರು ಹೊಟ್ಟೆಪಾಡಿಗಾಗಿ ಮಾಡಿಕೊಂಡ ಊಟವನ್ನು ನಾವು ಗುಂಪು ಕಟ್ಟಿಕೊಂಡು ನೋಡುತ್ತಾ ತಿನ್ನುತ್ತಾ ಹೋಗುವುದು ಅವರಿಗೆ ಗೌರವ ತರುವ ಕೆಲಸವೇ?" ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಮೊದಲ ಉತ್ತರ

ನಾನು ಈ ನಗರದಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ, ನಾನೂ ಸಸ್ಯಾಹಾರಿ. ಬಂದ ನೆಂಟರ ಜೊತೆ ಮೂರು ಬಾರಿ ಆ ಬೀದಿಗಳಲ್ಲಿ ಗೈಡ್ ಇಟ್ಟುಕೊಂಡು ನಡೆದಿದ್ದೇನೆ. ನಿಮ್ಮ ತಾಯಿಯವರು ಹೋಗಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಬಡಾವಣೆಯ ಊಟದ ಒಳಗಿರುವ ಒಂದು ನಿಯಮವನ್ನು ಮೊದಲೇ ತಿಳಿದುಕೊಂಡು ಹೋದರೆ ಅವರ ಊಟದ ಚಿಂತೆಯೂ ಕಳೆಯುತ್ತದೆ, ಚರಿತ್ರೆಯೂ ತೆರೆದುಕೊಳ್ಳುತ್ತದೆ.

1880ರ ದಶಕದಿಂದ 1924ರವರೆಗೆ ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ಬಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳಲ್ಲಿ ಬಹಳಷ್ಟು ಜನರ ಮೊದಲ ನೆಲೆ ಈ ಲೋವರ್ ಈಸ್ಟ್ ಸೈಡ್. ಅವರ ಧರ್ಮದ ಕೋಶರ್ ಎಂಬ ಆಹಾರ ನಿಯಮದ ಪ್ರಕಾರ ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಒಟ್ಟಿಗೆ ಬೇಯಿಸುವಂತಿಲ್ಲ, ಒಟ್ಟಿಗೆ ತಿನ್ನುವಂತಿಲ್ಲ. ಹೀಗಾಗಿ ಅಂಗಡಿಗಳೇ ಎರಡಾಗಿ ಒಡೆದವು. ಮಾಂಸ ಮಾರುವುದು ಡೆಲಿ. ಹೊಗೆಯಲ್ಲಿ ಹದ ಮಾಡಿದ ಮೀನು, ಕ್ರೀಮ್ ಚೀಸ್, ಬೆಣ್ಣೆ ಮುಂತಾದವನ್ನು ಮಾರುವುದು ಅಪಟೈಜಿಂಗ್ ಅಂಗಡಿ. ಮೀನನ್ನು ಆ ನಿಯಮ ಮಾಂಸವೆಂದು ಎಣಿಸುವುದಿಲ್ಲವಾದ್ದರಿಂದ ಅದು ಹಾಲಿನ ಪಕ್ಕದಲ್ಲಿ ಕೂತಿದೆ. ಹೂಸ್ಟನ್ ಬೀದಿಯಲ್ಲಿ ಈ ಎರಡೂ ಬಗೆಯ ಹಳೆಯ ಅಂಗಡಿಗಳು ಕೆಲವೇ ನಿಮಿಷಗಳ ನಡಿಗೆಯಲ್ಲಿ ಸಿಗುತ್ತವೆ. 1888ರಿಂದ ತನ್ನ ಚರಿತ್ರೆಯನ್ನು ಎಣಿಸುವ ಕಾಟ್ಜ್ಸ್ ಡೆಲಿಯಲ್ಲಿ ಉಪ್ಪುನೀರಿನಲ್ಲಿ ನೆನೆಸಿ, ಮಸಾಲೆ ಮೆತ್ತಿ, ಹೊಗೆ ಕೊಟ್ಟು, ಕೊನೆಗೆ ಹಬೆಯಲ್ಲಿ ಬೇಯಿಸಿದ ಪಸ್ಟ್ರಾಮಿ ಎಂಬ ದನದ ಮಾಂಸವೇ ಮುಖ್ಯ. ನಿಮ್ಮ ತಾಯಿಯವರಿಗೆ ಅಲ್ಲಿ ತಿನ್ನಲು ಹೆಚ್ಚೇನೂ ಇಲ್ಲ. ಎರಡನೆಯದು ರಸ್ ಆ್ಯಂಡ್ ಡಾಟರ್ಸ್. ಇಂದು ಪೋಲೆಂಡ್ ಮತ್ತು ಉಕ್ರೇನ್‌ಗಳಲ್ಲಿ ಹಂಚಿಹೋಗಿರುವ ಗಲೀಶಿಯಾ ಪ್ರಾಂತದಿಂದ ಬಂದ ಜೋಯೆಲ್ ರಸ್ 1914ರಲ್ಲಿ ಆರ್ಚರ್ಡ್ ಬೀದಿಯಲ್ಲಿ ಅಂಗಡಿ ತೆರೆದರು, 1920ರಲ್ಲಿ ಅದನ್ನು ಹೂಸ್ಟನ್ ಬೀದಿಗೆ ತಂದರು, 1930ರ ದಶಕದಲ್ಲಿ ತಮ್ಮ ಮೂವರು ಹೆಣ್ಣುಮಕ್ಕಳನ್ನು ಪಾಲುದಾರರನ್ನಾಗಿ ಮಾಡಿಕೊಂಡರು. "ಆ್ಯಂಡ್ ಸನ್ಸ್" ಎಂಬ ಫಲಕಗಳೇ ತುಂಬಿದ್ದ ಬೀದಿಯಲ್ಲಿ "ಆ್ಯಂಡ್ ಡಾಟರ್ಸ್" ಎಂದು ಬರೆಸಿದ ಆ ಫಲಕವನ್ನು ಒಬ್ಬ ಶಿಕ್ಷಕಿ ನಿಂತು ನೋಡಬೇಕು. ಅಲ್ಲಿ ಮೀನಿನ ವಾಸನೆ ಗಾಢವಾಗಿರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ವಾಸನೆ ಆಗದವರು ಹೊರಗಿನಿಂದಲೇ ನೋಡಬಹುದು.

ಈಗ ಅವರು ನಿಶ್ಚಿಂತೆಯಿಂದ ತಿನ್ನಬಹುದಾದವನ್ನು ಹೇಳುತ್ತೇನೆ. ಮೊದಲನೆಯದು ಬಿಯಾಲಿ ಎಂಬ ದುಂಡನೆಯ ರೊಟ್ಟಿ. ನಡುವೆ ತೂತಿರುವ ಬಳೆಯಂತಹ ರೊಟ್ಟಿ ಬೇಗಲ್ ಅನ್ನು ಮೊದಲು ನೀರಿನಲ್ಲಿ ಕುದಿಸಿ ಆಮೇಲೆ ಬೇಯಿಸುತ್ತಾರೆ. ಬಿಯಾಲಿಯನ್ನು ಕುದಿಸುವುದಿಲ್ಲ, ನಡುವೆ ತೂತಿನ ಬದಲು ಒಂದು ಗುಳಿ ಮಾಡಿ ಅದರಲ್ಲಿ ಈರುಳ್ಳಿಯನ್ನಿಟ್ಟು ನೇರವಾಗಿ ಒಲೆಗೆ ಹಾಕುತ್ತಾರೆ. ಹಿಟ್ಟು, ನೀರು, ಉಪ್ಪು, ಯೀಸ್ಟ್ ಇವಿಷ್ಟೇ ಅದರ ಕಣಕ. ಗ್ರ್ಯಾಂಡ್ ಬೀದಿಯ ಕೊಸಾರ್ಸ್ ಬೇಕರಿ 1936ರಿಂದ ಇದನ್ನು ಮಾಡುತ್ತಿದೆ. ಇದು ಪೋಲೆಂಡಿನ ಬಿಯಾಲಿಸ್ಟಾಕ್ ನಗರದ ಯಹೂದಿಗಳ ದಿನನಿತ್ಯದ ರೊಟ್ಟಿಯಾಗಿತ್ತು, ಹೆಸರು ಬಂದದ್ದೂ ಅಲ್ಲಿಂದಲೇ. ಆ ನಗರದ ಯಹೂದಿಗಳನ್ನು ನಾಜಿಗಳು ಕೊಂದುಹಾಕಿದರು. 1943ರ ಆಗಸ್ಟ್‌ನಲ್ಲಿ ಅವರನ್ನು ಕೂಡಿಹಾಕಿದ್ದ ಘೆಟ್ಟೋ ಎಂಬ ಕೇರಿ ಪೂರ್ತಿಯಾಗಿ ಬರಿದಾಯಿತು. ರೊಟ್ಟಿ ಮಾಡುವವರೂ ತಿನ್ನುವವರೂ ಇಲ್ಲದಾದ ಮೇಲೆ ಅದು ಹುಟ್ಟಿದ ಊರಿನಲ್ಲಿ ಉಳಿಯಲಿಲ್ಲ, ಮುಂಚೆಯೇ ಹಡಗು ಹತ್ತಿದವರ ಕೈಯಲ್ಲಿ ಇಲ್ಲಿ ಉಳಿಯಿತು. ಮೊದಲ ಬಾರಿ ಬಿಸಿ ಬಿಯಾಲಿಯನ್ನು ಕೈಗೆ ಕೊಟ್ಟು ನಮ್ಮ ಗೈಡ್ ಈ ಮಾತನ್ನು ಹೇಳಿದಾಗ ನಮ್ಮ ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಟೂರ್ ಎಂದರೆ ಹೀಗಿರಬೇಕು ಎಂದು ನನಗೆ ಅನಿಸಿದ್ದು ಆಗಲೇ.

ಎರಡನೆಯದು ಕನಿಶ್, ಅಂದರೆ ತೆಳುವಾದ ಹಿಟ್ಟಿನ ಹೊದಿಕೆಯೊಳಗೆ ಆಲೂಗಡ್ಡೆಯನ್ನೋ ಬಕ್‌ವೀಟ್ ಎಂಬ ಧಾನ್ಯವನ್ನೋ ತುಂಬಿ ಬೇಯಿಸಿದ ತಿಂಡಿ. ತಳ್ಳುಗಾಡಿಯಲ್ಲಿ ಮಾರಲು ಆರಂಭಿಸಿ 1910ರಲ್ಲಿ ಹೂಸ್ಟನ್ ಬೀದಿಯ ಅಂಗಡಿಯಲ್ಲಿ ನೆಲೆಯೂರಿದ ಯೋನಾ ಶಿಮ್ಮಲ್ ಬೇಕರಿಯಲ್ಲಿ ಅದು ಸಿಗುತ್ತದೆ. ಹೊಲಿಗೆ ಕಾರ್ಖಾನೆಯ ಕೆಲಸಗಾರರು ಒಂದನ್ನು ತಿಂದು ಅರ್ಧ ದಿನ ತಳ್ಳುತ್ತಿದ್ದರು. ಒಂದನ್ನು ಇಬ್ಬರು ಹಂಚಿಕೊಳ್ಳಿ, ಇಲ್ಲವಾದರೆ ಮುಂದಿನ ನಿಲುಗಡೆಗಳಲ್ಲಿ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ. ಹಿಟ್ಟಿಗೆ ಮೊಟ್ಟೆ ಸೇರಿಸಿದ್ದಾರೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ. ಮೂರನೆಯದು ಪೀಪಾಯಿಯ ಉಪ್ಪಿನಕಾಯಿ. ಇಲ್ಲಿ ವಿನೆಗರ್ ಇಲ್ಲ. ಬೆಳ್ಳುಳ್ಳಿ, ಮಸಾಲೆಗಳೊಂದಿಗೆ ಉಪ್ಪುನೀರಿನಲ್ಲಿ ಮುಳುಗಿಸಿದ ಸೌತೆಕಾಯಿ ತಾನಾಗಿ ಹುದುಗಿ ಹುಳಿಯೇರುತ್ತದೆ. ಕಡಿಮೆ ದಿನ ಇಟ್ಟದ್ದು ಹಸಿರಾಗಿ ಗರಿಗರಿಯಾಗಿರುತ್ತದೆ, ಅದನ್ನು ಹಾಫ್ ಸವರ್ (ಅರೆಹುಳಿ) ಎನ್ನುತ್ತಾರೆ. ಹೆಚ್ಚು ದಿನ ಕಳೆದದ್ದು ಫುಲ್ ಸವರ್ (ಪೂರ್ಣ ಹುಳಿ). ಎಸೆಕ್ಸ್ ಬೀದಿಯಲ್ಲಿ ಒಂದು ಕಾಲಕ್ಕೆ ಇಂತಹ ಅಂಗಡಿಗಳ ಸಾಲೇ ಇತ್ತು. ಆ ದಿನಗಳ ಸಮಾಜ ಸುಧಾರಕರು ಮತ್ತು ಆಹಾರ ತಜ್ಞರು ವಲಸಿಗರ ಮಕ್ಕಳು ಈ ಹುಳಿ ಖಾರಗಳನ್ನು ತಿಂದು ಕೆಡುತ್ತಾರೆಂದು ನಿಜವಾಗಿಯೂ ಆತಂಕಪಟ್ಟಿದ್ದರು. ಇಂದು ಅದೇ ಉಪ್ಪಿನಕಾಯಿಗೆ ಪ್ರವಾಸಿಗರು ಸಾಲು ನಿಲ್ಲುತ್ತಾರೆ.

ಒಂದು ಎಚ್ಚರಿಕೆ, ಇದನ್ನು ನಮ್ಮವರು ಬಹಳ ಮಂದಿ ತಪ್ಪಾಗಿ ತಿಳಿಯುತ್ತಾರೆ. ಪೊಟ್ಟಣದ ಮೇಲೆ "ಪಾರೆವ್" ಎಂದಿದ್ದರೆ ಅದರಲ್ಲಿ ಮಾಂಸವೂ ಇಲ್ಲ, ಹಾಲೂ ಇಲ್ಲ ಎಂದಷ್ಟೇ ಅರ್ಥ. ಮೊಟ್ಟೆ ಇರಬಹುದು, ಮೀನೂ ಇರಬಹುದು. "ಡೈರಿ" ಎಂದು ಬರೆದ ಕೋಶರ್ ಪದಾರ್ಥದಲ್ಲಿ ಮಾಂಸ ಇರುವುದಿಲ್ಲ ಎಂಬುದು ನಿಶ್ಚಯ, ಆದರೆ ಮೊಟ್ಟೆ ಮೀನುಗಳ ಬಗ್ಗೆ ಅದು ಭರವಸೆ ಕೊಡುವುದಿಲ್ಲ. ಹಬ್ಬದ ಹೆಣಿಗೆ ಬ್ರೆಡ್ ಹಾಲಾದಲ್ಲಿ ಮೊಟ್ಟೆ ಸಾಮಾನ್ಯ. ಶಾವಿಗೆಯ ಕೂಗಲ್‌ನಲ್ಲಿಯೂ ಅಷ್ಟೇ. ಇದಕ್ಕೆ ತಿರುಗುಮುರುಗಾಗಿ, ಎಗ್ ಕ್ರೀಮ್ ಎಂಬ ಹೆಸರು ಕೇಳಿ ಬೇಡವೆನ್ನಬೇಡಿ. ಹಾಲು, ಚಾಕೊಲೆಟ್ ಪಾಕ ಮತ್ತು ಸೋಡಾ ಸೇರಿಸಿದ ಆ ಪಾನೀಯದಲ್ಲಿ ಮೊಟ್ಟೆಯೂ ಇಲ್ಲ, ಕೆನೆಯೂ ಇಲ್ಲ.

ನಡಿಗೆಗೆ ಮುಂಚೆ ಬೆಳಿಗ್ಗೆ ಆರ್ಚರ್ಡ್ ಬೀದಿಯ ಟೆನೆಮೆಂಟ್, ಅಂದರೆ ಬಾಡಿಗೆ ವಠಾರದ, ಮ್ಯೂಸಿಯಮ್ಮಿಗೆ ಹೋಗಿಬನ್ನಿ. ಅಲ್ಲಿನ 97ನೇ ಸಂಖ್ಯೆಯ ಕಟ್ಟಡವನ್ನು 1863ರಲ್ಲಿ ಕಟ್ಟಿಸಿದವರೂ ವಲಸೆ ಬಂದ ಒಬ್ಬ ಜರ್ಮನ್ ದರ್ಜಿ. 1935ರಲ್ಲಿ ಸುರಕ್ಷತೆಯ ಹೊಸ ನಿಯಮಗಳಂತೆ ಮನೆಗಳನ್ನು ಸರಿಪಡಿಸುವ ಬದಲು ಅಂದಿನ ಮಾಲೀಕರು ಬಾಡಿಗೆದಾರರನ್ನು ಹೊರಗೆ ಕಳಿಸುವವರೆಗೆ, ಇಪ್ಪತ್ತಕ್ಕೂ ಹೆಚ್ಚು ದೇಶಗಳ ಸುಮಾರು 7,000 ಜನ ಅಲ್ಲಿ ಬಾಳಿಹೋದರೆಂದು ಅಂದಾಜು. ಮೂರು ಕೋಣೆಯ ಒಂದೊಂದು ಮನೆಯ ಒಟ್ಟು ವಿಸ್ತೀರ್ಣ 325 ಚದರ ಅಡಿ. ಆ ಅಡುಗೆಮನೆಯಲ್ಲಿ ಒಮ್ಮೆ ನಿಂತು ಬಂದರೆ, ಬೀದಿಯ ತಳ್ಳುಗಾಡಿಯಲ್ಲಿ ಬೇಯಿಸಿದ ಊಟ ಏಕೆ ಮಾರಾಟವಾಗುತ್ತಿತ್ತು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಲವು ಟೂರುಗಳು ಅದೇ ಮೂರು ಗಂಟೆಯಲ್ಲಿ ಲಿಟಲ್ ಇಟಲಿಯನ್ನೂ ಚೈನಾಟೌನನ್ನೂ ಸೇರಿಸುತ್ತವೆ. ನನ್ನ ಸಲಹೆ ಕೇಳಿದರೆ ಅವು ಬೇಡ. ಹಿರಿಯರಿಗೆ ಆಯಾಸ, ಕಥೆಯೂ ಚೆದುರುತ್ತದೆ.

ಎರಡನೆಯ ಉತ್ತರ

ನಾನು ಇದೇ ನಗರದಲ್ಲಿ ಪರವಾನಗಿ ಪಡೆದ ಗೈಡ್. ಆಹಾರದ ನಡಿಗೆಗಳನ್ನು ಈಗ ನಡೆಸುತ್ತಿಲ್ಲ, ಹಿಂದೆ ಕೆಲವು ಋತು ನಡೆಸಿದ್ದೇನೆ. ಆದ್ದರಿಂದ ಟೂರ್ ಆಯ್ದುಕೊಳ್ಳುವ ಬಗೆಯನ್ನು ಒಳಗಿನಿಂದ ಹೇಳಬಲ್ಲೆ.

ನ್ಯೂಯಾರ್ಕ್ ನಗರದಲ್ಲಿ ಹಣ ಪಡೆದು ಜನರಿಗೆ ಊರು ತೋರಿಸುವವರು ನಗರದ ಗ್ರಾಹಕ ಮತ್ತು ಕಾರ್ಮಿಕ ರಕ್ಷಣಾ ಇಲಾಖೆಯಿಂದ ಸೈಟ್‌ಸೀಯಿಂಗ್ ಗೈಡ್ ಪರವಾನಗಿ ಪಡೆದಿರಬೇಕು. ಅದಕ್ಕೆ ನಗರದ ಚರಿತ್ರೆ, ಕಟ್ಟಡ, ಬೀದಿ, ಸಂಚಾರ ಎಲ್ಲದರ ಮೇಲೂ ಲಿಖಿತ ಪರೀಕ್ಷೆ ಇದೆ. ಪರವಾನಗಿ ಇದ್ದ ಮಾತ್ರಕ್ಕೆ ಒಳ್ಳೆಯ ಗೈಡ್ ಎನ್ನಲಾಗದು, ಆದರೆ ಅದಿಲ್ಲದವರ ಹಿಂದೆ ಹೋಗುವ ಅಗತ್ಯವಿಲ್ಲ.

ಕಾಯ್ದಿರಿಸುವ ಮೊದಲು ಅವರಿಗೆ ಪತ್ರ ಬರೆದು ಒಂದೇ ಪ್ರಶ್ನೆ ಕೇಳಿ: "ಪ್ರತಿಯೊಂದು ನಿಲುಗಡೆಯಲ್ಲಿಯೂ ಮಾಂಸ, ಮೀನು, ಮೊಟ್ಟೆ ಯಾವುದನ್ನೂ ತಿನ್ನದ ಒಬ್ಬರಿಗೆ ಏನನ್ನು ಕೊಡುತ್ತೀರಿ?" ನಿಲುಗಡೆಗೊಂದರಂತೆ ಪದಾರ್ಥದ ಹೆಸರು ಬರೆದು ಉತ್ತರಿಸಿದರೆ ಅವರು ಅಂಗಡಿಯವರ ಜೊತೆ ಮಾತನಾಡಿದ್ದಾರೆಂದು ತಿಳಿಯಿರಿ. "ಸಸ್ಯಾಹಾರಿಗಳಿಗೂ ವ್ಯವಸ್ಥೆ ಇದೆ" ಎಂಬ ಒಂದು ಸಾಲು ಮಾತ್ರ ಬಂದರೆ ನಿಮ್ಮ ಹಸಿ ಸೊಪ್ಪಿನ ತಟ್ಟೆ ಮತ್ತೆ ಎದುರಾಗುತ್ತದೆ. "ಸಸ್ಯಾಹಾರಿ" ಎಂಬ ಒಂದೇ ಪದವನ್ನು ನಂಬಬೇಡಿ. ಇಲ್ಲಿ ಬಹುತೇಕರ ತಿಳಿವಳಿಕೆಯಲ್ಲಿ ಮೊಟ್ಟೆ ಅದರೊಳಗೇ ಬರುತ್ತದೆ, ಕೆಲವರ ತಿಳಿವಳಿಕೆಯಲ್ಲಿ ಮೀನೂ ಬರುತ್ತದೆ. ಒಂದೊಂದನ್ನೂ ಹೆಸರಿಸಿ ಬರೆಯಿರಿ.

ಗುಂಪಿನ ಗಾತ್ರವನ್ನೂ ಕೇಳಿ. ಈ ಹಳೆಯ ಅಂಗಡಿಗಳು ಬಹಳ ಇಕ್ಕಟ್ಟು. ಹತ್ತು ಜನರ ಗುಂಪನ್ನು ಕಾಲುದಾರಿಯ ಒಂದು ಅಂಚಿಗೆ ನಿಲ್ಲಿಸಿ ಮಾತನಾಡಬಹುದು. ಇಪ್ಪತ್ತೈದು ಜನರಾದರೆ ಹಿಂದಿನವರಿಗೆ ಕೇಳಿಸುವುದಿಲ್ಲ, ಅಂಗಡಿಯ ನಿತ್ಯದ ಗಿರಾಕಿಗಳಿಗೆ ದಾರಿ ಸಿಗುವುದಿಲ್ಲ, ಗೈಡ್ ಕಥೆ ಬಿಟ್ಟು ತಲೆ ಎಣಿಸುತ್ತಾ ಇರಬೇಕಾಗುತ್ತದೆ. ನಿಮ್ಮ ತಾಯಿಯವರು ಪ್ರಶ್ನೆ ಕೇಳುವ ಸ್ವಭಾವದವರೆಂದು ತೋರುತ್ತದೆ. ಸಾಧ್ಯವಾದರೆ ನಿಮ್ಮಿಬ್ಬರಿಗೇ ಒಬ್ಬ ಗೈಡ್ ಇಟ್ಟುಕೊಳ್ಳಿ. ಖರ್ಚು ಹೆಚ್ಚಾದರೂ ನಡಿಗೆಯ ವೇಗ ಅವರ ಕಾಲಿಗೆ ಹೊಂದುತ್ತದೆ. ಈ ಬಡಾವಣೆಯ ನೆಲ ಸಮತಟ್ಟು, ಏರು ಇಳಿತವಿಲ್ಲ. ಕಷ್ಟವಿರುವುದು ನಡೆಯುವುದರಲ್ಲಲ್ಲ, ನಿಲ್ಲುವುದರಲ್ಲಿ. ಪ್ರತಿಯೊಂದು ಕಡೆ ಹತ್ತು ಹದಿನೈದು ನಿಮಿಷ ನಿಂತೇ ಕೇಳಬೇಕು, ಕುಳಿತುಕೊಳ್ಳಲು ಬೆಂಚುಗಳು ಅಪರೂಪ. ಡೆಲಾನ್ಸಿ ಬೀದಿಯ ಎಸೆಕ್ಸ್ ಮಾರ್ಕೆಟ್ಟಿನ ಒಳಗೆ ಕೂರಲು ಜಾಗವಿದೆ, ಶೌಚಾಲಯವೂ ಇದೆ. ನಡುವೆ ಅಲ್ಲಿ ನಿಲ್ಲುವ ಟೂರ್ ಆದರೆ ಒಳ್ಳೆಯದು.

ದಿನದ ಆಯ್ಕೆ ಬಹಳ ಮುಖ್ಯ. ಕೋಶರ್ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವ ಅಂಗಡಿಗಳು ಯಹೂದಿಗಳ ವಾರದ ವಿಶ್ರಾಂತಿಯಾದ ಸಬ್ಬತ್ತಿಗೆಂದು ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಬಾಗಿಲು ಹಾಕಿರುತ್ತವೆ. ನೀವು ಸೆಪ್ಟೆಂಬರ್ ಎಂದಿದ್ದೀರಿ. ಯಹೂದಿಗಳ ರೋಶ್ ಹಶಾನಾ, ಯೋಮ್ ಕಿಪ್ಪುರ್ ಹಬ್ಬಗಳು ಚಾಂದ್ರಮಾನದ ಲೆಕ್ಕದಿಂದ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಬೀಳುತ್ತವೆ, ಆ ದಿನಗಳನ್ನು ಅವರ ಪಂಚಾಂಗ ನೋಡಿ ತಪ್ಪಿಸಿ. ಅದೇ ತಿಂಗಳಲ್ಲಿ ಪಕ್ಕದ ಲಿಟಲ್ ಇಟಲಿಯ ಮಲ್ಬೆರಿ ಬೀದಿಯಲ್ಲಿ ಸಾನ್ ಜೆನ್ನಾರೋ ಎಂಬ ಸಂತನ ಜಾತ್ರೆ ನಡೆಯುತ್ತದೆ. 1926ರಿಂದ ನಡೆದುಬಂದ ಆ ಉತ್ಸವ ನೋಡಲು ಚೆಂದ, ಆದರೆ ಆ ಜನಜಂಗುಳಿಯಲ್ಲಿ ಗೈಡ್ ಹೇಳುವುದು ಕಿವಿಗೆ ಬೀಳದು. ಮಂಗಳವಾರದಿಂದ ಗುರುವಾರದೊಳಗಿನ ಬೆಳಗಿನ ಹೊತ್ತು ಎಲ್ಲಕ್ಕಿಂತ ಉತ್ತಮ.

ಗೈಡ್‌ಗೆ ಕೊನೆಯಲ್ಲಿ ಟಿಪ್ಸ್ ಕೊಡುವುದು ಇಲ್ಲಿನ ರೂಢಿ, ಸಾಮಾನ್ಯವಾಗಿ ಟೂರಿನ ಬೆಲೆಯ ಶೇಕಡಾ 15ರಿಂದ 20. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡೂ ಉತ್ತರಗಳನ್ನು ನಿನ್ನೆ ರಾತ್ರಿ ತಾಯಿಯವರಿಗೆ ಓದಿ ಹೇಳಿದೆ. ಬಿಯಾಲಿಯ ಕಥೆಯನ್ನು ಎರಡು ಬಾರಿ ಓದಿಸಿದರು. ಆಮೇಲೆ ಅವರು ಕೇಳಿದ್ದಿಷ್ಟು: ಆರ್ಚರ್ಡ್ ಬೀದಿಯ ಆ ಕಟ್ಟಡವನ್ನು ಕಟ್ಟಿಸಿದವನು ಜರ್ಮನ್ ಎಂದಿರಿ, ಅಂಗಡಿಗಳು ಯಹೂದಿಗಳವು ಎಂದಿರಿ, ಹಾಗಾದರೆ ಜರ್ಮನರು ಎಲ್ಲಿಗೆ ಹೋದರು? ಈಗ ಅಲ್ಲಿ ವಾಸವಾಗಿರುವ ವಲಸಿಗರು ಯಾರು, ಅವರ ಊಟ ಟೂರಿನಲ್ಲಿ ಏಕೆ ಇಲ್ಲ? ಅವರ ಮೊದಲ ಪ್ರಶ್ನೆಗೂ, ಅಂದರೆ ಇದು ಗೌರವದ ಕೆಲಸವೇ ಎಂಬುದಕ್ಕೂ, ಇನ್ನೂ ಉತ್ತರ ಬಂದಿಲ್ಲವೆಂದು ನೆನಪಿಸಿದರು.

ಮೂರನೆಯ ಉತ್ತರ

ನಿಮ್ಮ ತಾಯಿಯವರ ಪ್ರಶ್ನೆಗಳಿಗೆ ನಮಸ್ಕಾರ. ವಲಸೆಯ ಚರಿತ್ರೆಯನ್ನು ಓದುವುದು ನನ್ನ ವೃತ್ತಿ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

1840ರ ದಶಕದಿಂದ ಮುಂದೆ ಈ ಬಡಾವಣೆಯನ್ನು ಕ್ಲೈನ್‌ಡಾಯ್ಚ್‌ಲಾಂಡ್, ಅಂದರೆ ಪುಟ್ಟ ಜರ್ಮನಿ ಎಂದು ಕರೆಯುತ್ತಿದ್ದರು. ಡೆಲಿ ಎಂಬುದರ ಪೂರ್ಣ ರೂಪವಾದ ಡೆಲಿಕಾಟೆಸೆನ್ ಜರ್ಮನರ ಮಾತು. ಇಂದು ಯಹೂದಿ ಊಟದ ಗುರುತಾಗಿರುವ ಡೆಲಿ ಮೊದಲು ಜರ್ಮನರ ಅಂಗಡಿಯಾಗಿತ್ತು. ಕೈಯಲ್ಲಿ ನಾಲ್ಕು ಕಾಸು ಕೂಡಿದಂತೆ ಅವರು ಉತ್ತರಕ್ಕೆ, ಯಾರ್ಕ್‌ವಿಲ್ ಕಡೆಗೆ ಸರಿಯತೊಡಗಿದ್ದರು. 1904ರ ಜೂನ್ 15ರಂದು ಈ ಪುಟ್ಟ ಜರ್ಮನಿಯ ಸೇಂಟ್ ಮಾರ್ಕ್ಸ್ ಲೂಥರನ್ ಚರ್ಚಿನ ವಾರ್ಷಿಕ ವಿಹಾರಕ್ಕೆ ಹೊರಟಿದ್ದ ಜನರಲ್ ಸ್ಲೋಕಮ್ ಎಂಬ ಹಡಗು ಈಸ್ಟ್ ರಿವರ್‌ನಲ್ಲಿ ಹೊತ್ತಿ ಉರಿದು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಉಳಿದ ಅನೇಕ ಕುಟುಂಬಗಳಿಗೆ ಆ ಬೀದಿಗಳಲ್ಲಿ ಬಾಳುವುದೇ ಬೇಡವಾಯಿತು. ಟಾಂಪ್‌ಕಿನ್ಸ್ ಸ್ಕ್ವೇರ್ ಉದ್ಯಾನದಲ್ಲಿ ಅವರ ನೆನಪಿನ ಒಂದು ಸಣ್ಣ ಕಾರಂಜಿ ಇದೆ. ಆಹಾರದ ಟೂರುಗಳು ಅಲ್ಲಿಗೆ ಹೋಗುವುದು ಕಡಿಮೆ, ನೀವಿಬ್ಬರೇ ಹೋಗಿಬನ್ನಿ.

ಮೊದಲ ಉತ್ತರ ಬರೆದವರ ಬಹುತೇಕ ಮಾತುಗಳನ್ನು ನಾನು ಒಪ್ಪುತ್ತೇನೆ, ಆದರೆ ಚೈನಾಟೌನ್ ಬೇಡವೆಂಬ ಮಾತನ್ನು ಒಪ್ಪಲಾರೆ. ಲಿಟಲ್ ಇಟಲಿಯನ್ನು ಬಿಟ್ಟರೆ ಬಿಡಿ. ಮಲ್ಬೆರಿ ಬೀದಿಯಲ್ಲಿ ಇಟಾಲಿಯನ್ ಹೋಟೆಲುಗಳು ಉಳಿದಿವೆಯೇ ಹೊರತು ಇಟಾಲಿಯನ್ ಕುಟುಂಬಗಳು ಹೆಚ್ಚಾಗಿ ಉಳಿದಿಲ್ಲ. ಅಲ್ಲಿ ಚೀಸ್ ರುಚಿ ನೋಡುವಂತೆ ಹೇಳಿದರೆ ಒಂದು ಸಂಗತಿ ತಿಳಿದಿರಲಿ: ನಿಜವಾದ ಪಾರ್ಮಿಜಾನೊ ರೆಜಾನೊ ಚೀಸಿಗೆ ಹಾಲು ಒಡೆಯಿಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಚೈನಾಟೌನಿನ ಮಾತು ಬೇರೆ. ಅದನ್ನು ಬಿಟ್ಟರೆ ವಲಸೆಯ ಕಥೆ "ಬಂದರು, ದುಡಿದರು, ಮುಂದೆ ಬಂದರು" ಎಂಬಷ್ಟಕ್ಕೇ ನಿಂತುಬಿಡುತ್ತದೆ. 1882ರ ಚೀನೀಯರ ನಿಷೇಧದ ಕಾಯಿದೆ ಚೀನಾದ ಕೂಲಿಕಾರರಿಗೆ ಈ ದೇಶದ ಬಾಗಿಲನ್ನೇ ಮುಚ್ಚಿತು. ವ್ಯಾಪಾರಿಗಳಿಗೆ ಮಾತ್ರ ಹೋಗಿಬರುವ ಅವಕಾಶ ಇತ್ತು. 1915ರಲ್ಲಿ ಒಂದು ನ್ಯಾಯಾಲಯದ ತೀರ್ಪು ಹೋಟೆಲು ನಡೆಸುವವರನ್ನೂ ವ್ಯಾಪಾರಿಗಳೆಂದು ಒಪ್ಪಿಕೊಂಡ ಮೇಲೆ ಬಂಡವಾಳ ಕೂಡಿಸಿ ಹೋಟೆಲು ತೆರೆಯುವುದು ಹೊಟ್ಟೆಪಾಡಿನ ಜೊತೆಗೆ ಕಾನೂನಿನ ದಾರಿಯೂ ಆಯಿತು. ಡಾಯರ್ಸ್ ಎಂಬ ಬಾಗಿದ ಗಲ್ಲಿಯಲ್ಲಿ 1920ರಲ್ಲಿ ತೆರೆದ ನೋಮ್ ವಾ ಚಹಾದಂಗಡಿಯ ಮುಂದೆ ನಿಂತಾಗ ಈ ಹಿನ್ನೆಲೆ ತಿಳಿದಿರಬೇಕು. ಆ ಕಾಯಿದೆ ರದ್ದಾದದ್ದು 1943ರಲ್ಲಿ. ಆಗಲೂ ಕೊಟ್ಟ ಪರಿಮಿತಿ ವರ್ಷಕ್ಕೆ 105 ಜನ.

1924ರ ವಲಸೆ ಕಾಯಿದೆ ಪೂರ್ವ ಮತ್ತು ದಕ್ಷಿಣ ಯುರೋಪಿನವರ ಸಂಖ್ಯೆಯನ್ನೂ ಹಾಗೆಯೇ ಕತ್ತರಿಸಿತು. 1890ರ ಜನಗಣತಿಯಲ್ಲಿ ಆಯಾ ದೇಶದವರು ಎಷ್ಟಿದ್ದರೋ ಅದರ ಶೇಕಡಾ 2ರಷ್ಟು ಜನರಿಗೆ ಮಾತ್ರ ಪ್ರವೇಶ ಎಂದಿತು. ಯಹೂದಿಗಳೂ ಇಟಾಲಿಯನ್ನರೂ ಹೆಚ್ಚಾಗಿ ಬಂದದ್ದು ಆ ಜನಗಣತಿಯ ನಂತರವಾದ್ದರಿಂದಲೇ ಆ ವರ್ಷವನ್ನು ಆರಿಸಿಕೊಂಡಿದ್ದರು. ಹೊಸಬರು ಬರುವುದು ನಿಂತಿತು, ಹಳಬರ ಮಕ್ಕಳು ಬ್ರಾಂಕ್ಸ್, ಬ್ರೂಕ್ಲಿನ್ ಕಡೆಗೆ ಹೊರಟರು, ಖಾಲಿಯಾದ ಮನೆಗಳಿಗೆ ಮುಂದೆ ಪೋರ್ಟೊರಿಕೊದ ಜನ ಬಂದರು. ಬಡಾವಣೆಯ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಅವರು ಲೋಯಿಸೈದಾ ಎಂದರು. ಅವೆನ್ಯೂ ಸಿ ಬೀದಿಗೆ ಈಗ ಆ ಹೆಸರೂ ಇದೆ. 1930ರ ದಶಕದಲ್ಲಿ ಮೇಯರ್ ಲಾ ಗಾರ್ಡಿಯಾ ತಳ್ಳುಗಾಡಿಗಳನ್ನು ಬೀದಿಯಿಂದ ತೆಗೆಸತೊಡಗಿ, ವ್ಯಾಪಾರಿಗಳನ್ನು ಸೂರಿನಡಿ ಕೂರಿಸಲು ಕಟ್ಟಿಸಿದ ಮಾರುಕಟ್ಟೆಗಳಲ್ಲಿ ಒಂದು 1940ರ ಎಸೆಕ್ಸ್ ಮಾರ್ಕೆಟ್. 2019ರಲ್ಲಿ ಅದು ಎದುರಿನ ಹೊಸ ಕಟ್ಟಡಕ್ಕೆ ಹೋಯಿತು. ಕೆರಿಬಿಯನ್ನಿನ ಜನರಿಗೆ ಬೇಕಾದ ಬಾಳೆಕಾಯಿ, ಮರಗೆಣಸು ಅಲ್ಲಿನ ತರಕಾರಿ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತವೆ. ಗೈಡ್ ಅಲ್ಲಿ ನಿಂತು ಯಹೂದಿ ತಳ್ಳುಗಾಡಿಗಳ ಮಾತನ್ನು ಮಾತ್ರ ಆಡಿ ಮುಂದೆ ಹೋದರೆ, ತಾಯಿಯವರು ಈ ಪ್ರಶ್ನೆಯನ್ನೇ ಅವರಿಗೆ ಕೇಳಲಿ.

1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಸಹಿ ಮಾಡಿದ ಕಾಯಿದೆ ಈ ಹಳೆಯ ಲೆಕ್ಕಗಳನ್ನು ತೆಗೆದುಹಾಕಿತು. ಚೈನಾಟೌನ್ ಬೆಳೆದು ಕ್ಯಾನಲ್ ಬೀದಿಯನ್ನು ದಾಟಿ, ಈಸ್ಟ್ ಬ್ರಾಡ್‌ವೇಯ ಹಳೆಯ ಯಹೂದಿ ಬೀದಿಗಳವರೆಗೆ ಹಬ್ಬಿದ್ದು ಆ ನಂತರ. ನಮ್ಮಂಥವರು ಈ ದೇಶದಲ್ಲಿ ಕೆಲಸ ಮಾಡುತ್ತಿರುವುದಕ್ಕೂ, ನಿಮ್ಮ ತಾಯಿಯವರು ನಿಮ್ಮನ್ನು ನೋಡಲು ಇಲ್ಲಿಗೆ ಬರುತ್ತಿರುವುದಕ್ಕೂ ದಾರಿ ಮಾಡಿದ್ದು ಅದೇ ಕಾಯಿದೆ. 1917ರಿಂದ ಭಾರತೀಯರಿಗೂ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಹೀಗಿರುವಾಗ ಆ ಬೀದಿಗಳಲ್ಲಿ ನೀವು ಕೇವಲ ನೋಡಲು ಬಂದ ಹೊರಗಿನವರಲ್ಲ ಎಂಬುದನ್ನು ಅವರಿಗೆ ಹೇಳಿ.

ಗೌರವದ ಪ್ರಶ್ನೆಗೆ ಬರುತ್ತೇನೆ. ಅವರ ಅಳುಕಿಗೆ ಚರಿತ್ರೆಯಲ್ಲಿ ಆಧಾರವಿದೆ. 1880, 90ರ ದಶಕಗಳಲ್ಲಿ ನಗರದ ಸಿರಿವಂತರು ಗೈಡ್‌ಗಳನ್ನು ಹಿಡಿದು ಇದೇ ಬಡಾವಣೆಗಳ ಬಡತನವನ್ನು ನೋಡಲು ಬರುತ್ತಿದ್ದರು. ಅದಕ್ಕೆ ಸ್ಲಮ್ಮಿಂಗ್ ಎಂಬ ಹೆಸರೇ ಇತ್ತು. ಚೈನಾಟೌನಿನಲ್ಲಿ ಚಕ್ ಕಾನರ್ಸ್ ಎಂಬಾತ ನಟರನ್ನು ಕೂರಿಸಿ, ಸುಳ್ಳು ಅಫೀಮು ಅಡ್ಡೆಗಳನ್ನು ತೋರಿಸಿ ಹಣ ಮಾಡುತ್ತಿದ್ದ. ಆದ್ದರಿಂದ ಈ ಕಸುಬಿನ ಹುಟ್ಟಿನಲ್ಲಿಯೇ ಅಗೌರವವಿದೆ, ಇಂದಿನ ಗೈಡ್ ಅದರಿಂದ ಎಷ್ಟು ದೂರ ಬಂದಿದ್ದಾರೆ ಎಂಬುದನ್ನು ನಾವೇ ನೋಡಬೇಕು. ನಾನು ನೋಡುವುದು ಇವನ್ನು: ತಿಂದದ್ದಕ್ಕೆ ಅಂಗಡಿಯವರಿಗೆ ಪೂರ್ತಿ ಹಣ ಸಲ್ಲುತ್ತದೆಯೇ, ಅಂಗಡಿಯವರು ತಮ್ಮ ಮಾತನ್ನು ತಾವೇ ಆಡಲು ಗೈಡ್ ಬಿಡುತ್ತಾರೆಯೇ, ಬೀದಿಯಲ್ಲಿ ಕೂತ ಮುದುಕರ ಫೋಟೊ ತೆಗೆಯುವವರನ್ನು ತಡೆಯುತ್ತಾರೆಯೇ, ಬಾಡಿಗೆ ಏರಿ ಅಂಗಡಿಗಳು ಎದ್ದುಹೋಗುತ್ತಿರುವ ಇಂದಿನ ಸಂಗತಿಯನ್ನು ಬಾಯಿಬಿಟ್ಟು ಹೇಳುತ್ತಾರೆಯೇ. 1925ರಿಂದ ರಿವಿಂಗ್ಟನ್ ಬೀದಿಯಲ್ಲಿ ಹಬ್ಬದ ರೊಟ್ಟಿ ಮಾಟ್ಜೊ ಮಾಡುತ್ತಿದ್ದ ಸ್ಟ್ರೈಟ್ಸ್ ಕಾರ್ಖಾನೆ 2015ರಲ್ಲಿ ಅಲ್ಲಿಂದ ಹೊರಟುಹೋಯಿತು, ಆ ಜಾಗದಲ್ಲಿ ಈಗ ದುಬಾರಿ ಮನೆಗಳಿವೆ. ಇದನ್ನು ಹೇಳುವ ಗೈಡ್ ಸಿಕ್ಕರೆ ತಾಯಿಯವರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧ, ಅವರು ಅಂಗಡಿಯಲ್ಲಿ ಮನುಷ್ಯರಂತೆ ನಾಲ್ಕು ಮಾತನಾಡಿ, ಮೆಚ್ಚಿದ್ದನ್ನು ಕೊಂಡು ಬರುವುದರಲ್ಲಿದೆ.

ಮೊದಲ ಉತ್ತರ ಬರೆದವರು ಮತ್ತೆ

ಚೈನಾಟೌನಿನ ಬಗ್ಗೆ ನಾನು ಅವಸರದ ಮಾತನಾಡಿದೆ. ಮೂರನೆಯ ಉತ್ತರವನ್ನು ಓದಿ ಅಭಿಪ್ರಾಯ ಬದಲಿಸಿಕೊಂಡಿದ್ದೇನೆ. ಆದರೂ ಒಂದೇ ದಿನ ಬೇಡ, ಮರುದಿನ ಪ್ರತ್ಯೇಕವಾಗಿ ಹೋಗಿ. ಅಲ್ಲಿ ತಾಯಿಯವರಿಗೆ ಶುಂಠಿಯ ಪಾಕ ಹಾಕಿದ ಬಿಸಿ ಟೋಫು ಸಿಹಿಯನ್ನು ಕೊಡಿಸಿ. ಅದು ಸೋಯಾ ಹಾಲಿನಿಂದ ಮಾಡಿದ್ದು, ಬಹಳ ಮೆದು. ಏನೂ ತುಂಬದ ಅಕ್ಕಿಹಿಟ್ಟಿನ ಸುರುಳಿಯನ್ನೂ ತಿನ್ನಬಹುದು, ಆದರೆ ಒಣ ಸೀಗಡಿ ಮತ್ತು ಸಿಂಪಿಯ ರಸದ ಆಯ್ಸ್ಟರ್ ಸಾಸ್ ಬೇಡವೆಂದು ಮೊದಲೇ ಹೇಳಬೇಕು. ಬೌದ್ಧ ಪದ್ಧತಿಯ ಸಸ್ಯಾಹಾರಿ ಹೋಟೆಲಾದರೆ ಈ ಚಿಂತೆ ಬಹಳ ಮಟ್ಟಿಗೆ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ತಾಯಿಯವರ ಜೊತೆ ಕುಳಿತು ತೀರ್ಮಾನಿಸಿದ್ದೇವೆ. ಬುಧವಾರ ಬೆಳಿಗ್ಗೆ ಟೆನೆಮೆಂಟ್ ಮ್ಯೂಸಿಯಂ, ಅದಾದ ಮೇಲೆ ನಮ್ಮಿಬ್ಬರಿಗೇ ಒಬ್ಬ ಗೈಡ್ ಜೊತೆ ನಡಿಗೆ, ಗುರುವಾರ ಚೈನಾಟೌನ್. ಹಬ್ಬದ ದಿನಗಳನ್ನು ನೋಡಿಯೇ ವಾರವನ್ನು ಆರಿಸಿದ್ದೇವೆ. ಎರಡು ಕಡೆ ಪತ್ರ ಬರೆದಿದ್ದೆ. ಒಬ್ಬರು ನಿಲುಗಡೆಗೊಂದರಂತೆ ಪದಾರ್ಥಗಳನ್ನು ಬರೆದು ಕಳುಹಿಸಿದ್ದಾರೆ, ಎರಡು ಕಡೆ ಮೊಟ್ಟೆಯ ವಿಚಾರವನ್ನು ಅಂಗಡಿಯವರಲ್ಲಿ ಕೇಳಿ ತಿಳಿಸುವುದಾಗಿಯೂ ಹೇಳಿದ್ದಾರೆ. ಅವರನ್ನೇ ಗೊತ್ತುಮಾಡಿದ್ದೇನೆ. ಟಾಂಪ್‌ಕಿನ್ಸ್ ಸ್ಕ್ವೇರ್‌ನ ಆ ಕಾರಂಜಿಯನ್ನು ಮಂಗಳವಾರ ಸಂಜೆಯೇ, ಊರು ತಲುಪಿದ ಕೂಡಲೇ ನೋಡಬೇಕೆಂದು ತಾಯಿಯವರು ಹೇಳಿದ್ದಾರೆ.